ಮೂಲ ರೇಖೆ ಇಲ್ಲದ ಊರಿನಲ್ಲಿ

ಕಳೆದ ವಾರ ಸರ್ವೆಯವನು ನಮ್ಮ ಹಿತ್ತಲಿನ ಮೆಂತ್ಯದ ಮಡಿ ಅಗೆದು, ಮಾಸಿದ ಗುಲಾಬಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ನನ್ನ ಕೈಗಿಟ್ಟ. ಪಕ್ಕದ ಮನೆಯ ಅಂಕಲ್ ಜೇಬಿನಲ್ಲಿ ಸದಾ ಇರುತ್ತಿದ್ದ, ಅಳತೆಯ ಗುರುತಿಗೆ ಕಟ್ಟುವ ಪಟ್ಟಿ ಅದು. ಎಷ್ಟು ದಿನವಾಗಿತ್ತು ಅವರನ್ನು ನೆನೆದು...

ಅಂಕಲ್ ವಿಜಯಪುರದ ಕಡೆಯವರು. ರೆಸ್ಟನ್‌ನಲ್ಲಿ ನಕ್ಷೆಯ ಕೆಲಸ ಮಾಡಿ ನಿವೃತ್ತರಾಗಿ, ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ ನಮ್ಮ ಪಕ್ಕಕ್ಕೆ ಬಂದಿದ್ದರು. ಸಂಜೆ ಚಹಾಕ್ಕೆ ಬಂದರೆ ಒಂದೇ ಪುರಾಣ: ಪ್ರಿನ್ಸಿಪಲ್ ಮೆರಿಡಿಯನ್. ಈ ದೇಶದ ಪಶ್ಚಿಮದ ರಾಜ್ಯಗಳಲ್ಲಿ ಉತ್ತರ-ದಕ್ಷಿಣಕ್ಕೆ ಒಂದು ಮೂಲ ರೇಖೆ ಎಳೆದು, ಊರು, ಹೊಲ ಎಲ್ಲವನ್ನೂ ಅದರಿಂದಲೇ ಅಳೆದರಂತೆ. ನಾನು ಆಕಳಿಸುತ್ತಾ ಹೂಂ ಹೂಂ ಅನ್ನುತ್ತಿದ್ದೆ.

ಲಾಕ್‌ಡೌನ್ ವರ್ಷ ಮಗುವಿಗೆಂದು ಬೇಲಿ ಹಾಕಿಸಲು ಹೊರಟೆ.

"ಮೇರಿಲ್ಯಾಂಡಿನ್ಯಾಗ ಆ ರೇಖೆ ಇಲ್ಲ ತಂಗಿ. ಇಲ್ಲಿ ಜಾಗಾದ ಮೂಲ್ಯಾಗ ಹುಗಿದ ಕಬ್ಬಿಣದ ಪಿನ್ನೇ ಖರೆ. ಮದ್ಲ ಅದನ್ನ ಹುಡುಕು," ಅಂದರು ಅಂಕಲ್. ಕೊನೆಗೆ ತಾವೇ ಎರಡು ದಿನ ಬಗ್ಗಿ ಹುಡುಕಿ, ಪಿನ್‌ಗೆ ಪಟ್ಟಿ ಕಟ್ಟಿ ಹೋದರು. ನಾನು ಎದ್ದು ನೋಡಲೂ ಇಲ್ಲ. ದಿನವಿಡೀ ಮೀಟಿಂಗ್, ಮಗುವಿನ ಹಟ... ಬೇಲಿಯವರಿಗೆ ಕಿಟಕಿಯಿಂದಲೇ ಹಳೆಯ ಪೊದೆಸಾಲನ್ನೇ ಗಡಿಯೆಂದು ತೋರಿಸಿದೆ.

"ಬೇಲಿ ನನ್ನ ಕಡೆ ಎರಡು ಫೂಟ್ ಬಂದದ ತಂಗಿ," ಅಂದರು ಮರುದಿನ.

"ಎರಡು ಫೂಟ್‌ಗೆ ಇಷ್ಟು ರಗಳೆಯಾ ಅಂಕಲ್? ರಿಟೈರ್ ಆಗಿದ್ದೀರ, ನಿಮಗೆ ಟೈಮ್ ಇದೆ. ನನಗಿಲ್ಲ!"

"ಆತು ಬಿಡವಾ," ಅಂದು ಒಳಗೆ ಹೋದರು. ಮತ್ತೆ ಚಹಾಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ. ಆ ಪಟ್ಟಿಯ ಮೇಲೆಯೇ ಮಣ್ಣು ಸುರಿದು ಮೆಂತ್ಯ ಬಿತ್ತಿದೆ.

ಆ ಚಳಿಗಾಲದಲ್ಲಿ ಆಸ್ಪತ್ರೆಗೆ ಹೋದ ಅಂಕಲ್ ಮನೆಗೆ ಮರಳಲಿಲ್ಲ. ಜೂಮ್‌ನಲ್ಲಿ ಅಂತ್ಯಕ್ರಿಯೆ ನೋಡಿದೆ, ಮ್ಯೂಟ್ ಮಾಡಿಕೊಂಡು.

ಅವರು ಹೋದ ಮೇಲೆ ಇಷ್ಟು ವರ್ಷ ಬಾಡಿಗೆಗೆ ಕೊಟ್ಟಿದ್ದ ಅವರ ಮನೆ ಈಗ ಮಾರಾಟಕ್ಕಿದೆ, ಅದಕ್ಕೇ ಸರ್ವೆ. ಪಿನ್ ಸಿಕ್ಕಿದ್ದು ನಮ್ಮ ಬೇಲಿಯ ಒಳಗೆ, ಸರಿಯಾಗಿ ಎರಡು ಅಡಿ. ಅಂಕಲ್ ಹೇಳಿದಷ್ಟೇ.

ಶನಿವಾರ ಬೇಲಿ ಕಿತ್ತು ಹಿಂದಕ್ಕೆ ಹಾಕಿಸಿದೆ. ಈ ಸಲ ಬಿಸಿಲಲ್ಲಿ ನಿಂತು, ಪಿನ್ ನೋಡಿಯೇ. ಸೊಂಟ ಬಿದ್ದುಹೋಗಿದೆ. ಆ ಪಟ್ಟಿಯನ್ನು ಪಿನ್‌ಗೆ ಮತ್ತೆ ಕಟ್ಟಿ, ಖಾಲಿ ಮನೆಯ ಕಡೆ ತಿರುಗಿ, "ಸಾರಿ ಅಂಕಲ್, ಚಹಾಕ್ಕೆ ಬನ್ನಿ," ಅಂದೆ. ಅಷ್ಟು ಹೇಳಲು ಆಗ ನನಗೆ ಟೈಮ್ ಇರಲಿಲ್ಲ.