ಕರಿಗಲ್ಲಿನ ಪಾತಿ

ಗಿಡದ ಪಾತಿಗೆ ನುಣುಪಾದ ಕರಿಗಲ್ಲು ಸುರಿದಿರುವುದನ್ನು ಕಂಡರೆ ಇವತ್ತಿಗೂ ನಾನು ಸುತ್ತು ಹಾಕಿಯೇ ಹೋಗುತ್ತೇನೆ. ನಗುವವರು ನಗಲಿ, ನನಗೇನು.

ನಾನು ಸಿರಾದಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಟೀಚರ್. ಮಧುಗಿರಿ ದಾಟಿ ಕೊರಟಗೆರೆ ಕಡೆ ಹೋಗುವ ದಾರಿಯಲ್ಲಿ ಯಾರೋ ಕಲಾ ಮ್ಯೂಸಿಯಂ ಕಟ್ಟಿಸಿದ್ದಾರೆ, ಒಂದು ಬಂಡೆಯನ್ನೂ ಒಡೆಯದೆ ಗೋಡೆಯನ್ನೇ ಬಂಡೆಯ ಸುತ್ತ ತಿರುಗಿಸಿದ್ದಾರೆ ಅಂತ ಕೇಳಿದಾಗಿನಿಂದ ನೋಡುವ ಹುಚ್ಚು ಹತ್ತಿತ್ತು. ಆ ಭಾನುವಾರ ಗಂಡ ಊರಲ್ಲಿರಲಿಲ್ಲ. ಶುಗರ್ ಇರುವ ಅತ್ತೆಯನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ, ಅವರನ್ನೂ ಹೊರಡಿಸಿದೆ.

ನಮ್ಮದು ಲಿಂಗಾಯತರ ಮನೆ. ಅತ್ತೆಯ ಕೊರಳಲ್ಲಿ ಸದಾ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಮೇಲೆ ಲಿಂಗವಿಲ್ಲದೆ ಗುಟುಕು ನೀರು ಕುಡಿದವರಲ್ಲ. ಹೊರಡುವಾಗ ನಾನು, "ಅತ್ತೆ, ಕರಡಿಗೆ ಬೇಡ, ಅಲ್ಲಿ ಬಾಗಿಲಲ್ಲಿರೋ ಮೆಷಿನ್ನು ಕುಯ್ ಅನ್ನುತ್ತೆ" ಅಂದೆ. ನಿಜ ಹೇಳಬೇಕೆಂದರೆ, ಬೆಂಗಳೂರಿನಿಂದ ಬರುವ ಜನರೆದುರು ಅಷ್ಟು ದೊಡ್ಡ ಕರಡಿಗೆ ನೋಡಿ ನನಗೆ ನಾಚಿಕೆ. ಪಾಪ, ಅವರು ನಂಬಿದರು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿಕೊಂಡು ಬಂದರು. ಬಾಗಿಲಲ್ಲಿ ಯಾವ ಮೆಷಿನ್ನೂ ಇರಲಿಲ್ಲ.

ಕಟ್ಟಡ ಮಾತ್ರ ಎಂಥದ್ದು! ಮೊದಲ ಹಾಲಿನಲ್ಲಿ ಒಂದೂ ಚಿತ್ರವಿಲ್ಲ. ಗೋಡೆಯಲ್ಲೊಂದು ಚೌಕಟ್ಟಿನಂಥ ಕಿಟಕಿ, ಅದರ ತುಂಬ ಹೊರಗಿನ ಬೆಟ್ಟ. ಅತ್ತೆ ಬಾಯಿ ಮೇಲೆ ಕೈಯಿಟ್ಟು ನಕ್ಕರು. "ಬೆಟ್ಟಕ್ಕೇ ಕಟ್ಟು ಹಾಕ್ಸವ್ರಲ್ಲ ಕಣಮ್ಮ!" ಆಚೆ ತೋಟಕ್ಕೆ ಬಂದರೆ ತಂಗಡಿ ಗಿಡಕ್ಕೆ ಪಾತಿ ಮಾಡಿ ಕರಿಗಲ್ಲು ಸುರಿದಿದ್ದರು. "ನಮ್ಮ ಬದುವಿನ ತಂಗಡಿಗೆ ಬಂದ ಯೋಗ ನೋಡು" ಅಂತ ಬಗ್ಗಿ ಬಗ್ಗಿ ಹೂ ಮುಟ್ಟಿದರು.

ಕಲ್ಲುಬೆಂಚಿನ ಮೇಲೆ ಕೂತೆವು. ಇಂಜೆಕ್ಷನ್ ನಾನೇ ಚುಚ್ಚಿದೆ. ಅರ್ಧ ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಶುಗರ್ ಪೂರಾ ಇಳಿದು ಜೀವಕ್ಕೇ ಕುತ್ತು. ರೊಟ್ಟಿ ಡಬ್ಬಿ ತೆಗೆದೆ. ಅತ್ತೆ ರೂಢಿಯಂತೆ ಎದೆ ಮುಟ್ಟಿಕೊಂಡರು. ಕೈ ಅಲ್ಲೇ ನಿಂತಿತು. ವಸ್ತ್ರ ಗಂಟು ಬಿಚ್ಚಿಕೊಂಡು ಖಾಲಿ ನೇತಾಡುತ್ತಿತ್ತು.

"ಹೋಯ್ತಲ್ಲಮ್ಮ," ಅಂದರು. ಅಷ್ಟೇ.

ಅಯ್ಯೋ ಶಿವನೇ! "ಮೊದ್ಲು ಒಂದು ತುತ್ತು ತಿನ್ನಿ ಅತ್ತೆ, ಹುಡುಕೋಣ" ಅಂದೆ, ಬೇಡಿಕೊಂಡೆ, ಕೊನೆಗೆ ಗದರಿದೆ. ಅವರು ತುಟಿ ಬಿಗಿದು ಒಲ್ಲೆನೆಂದು ತಲೆ ಆಡಿಸಿದರು. ಔಷಧಿ ಒಳಗೆ ಹೋಗಿಯಾಗಿದೆ, ಇವರು ತಿನ್ನೋದಿಲ್ಲ, ಚುಚ್ಚಿದವಳು ನಾನು, ಕರಡಿಗೆ ಬಿಡಿಸಿದವಳೂ ನಾನು.

ಅತ್ತೆ ಬಗ್ಗಿ ಹೂ ಮುಟ್ಟಿದ್ದ ಪಾತಿಯ ಹತ್ತಿರ ಓಡಿದೆ. ಸಾವಿರಾರು ಕಲ್ಲು, ಎಲ್ಲಾ ಕಪ್ಪು, ಎಲ್ಲಾ ನುಣುಪು. ಅತ್ತೆಯ ಲಿಂಗವೂ ಅಷ್ಟೇ ಗಾತ್ರದ್ದು. ಕಾಲಿಡಲು ಹೋದವಳನ್ನು, ಅತ್ತೆಯ ಖಾಲಿ ವಸ್ತ್ರ ಕಂಡಿದ್ದ ತೋಟದ ಕೆಲಸದ ಹೆಂಗಸು ರಟ್ಟೆ ಹಿಡಿದು ಎಳೆದಳು. "ಲಿಂಗ ತುಳುದ್ಬುಟ್ಟೀರಾ!" ಇಬ್ಬರೂ ಮಂಡಿಯೂರಿ ಕೈಯಲ್ಲೇ ಕೆದಕಿದೆವು. ಒಂದೊಂದು ಕಲ್ಲು ಎತ್ತುವಾಗಲೂ ಇದೇ ಇರಬಹುದು ಅನ್ನಿಸೋದು, ಅಲ್ಲ ಅನ್ನಿಸೋದು.

ತಿರುಗಿ ನೋಡಿದರೆ ಅತ್ತೆಯ ಹಣೆ ತುಂಬ ಬೆವರು, ಕೈ ನಡುಗುತ್ತಿದೆ. ಆ ಸ್ಥಿತಿಯಲ್ಲೂ ಅವರು ಕೇಳಿದ್ದು, "ಬಗ್ತಾ ಇದ್ದೀಯ, ನಿಂದು ಭದ್ರವಾಗೈತಾ ನೋಡ್ಕೊಮ್ಮ."

ನಾನು ಲಿಂಗ ಕಟ್ಟಿಕೊಳ್ಳೋದು ಬಿಟ್ಟು ವರ್ಷಗಳಾಗಿದ್ದವು. ಸೆರಗಿನ ಮೇಲಿಂದಲೇ ತಾಳಿ ಹಿಡಿದುಕೊಂಡು, "ಐತೆ ಅತ್ತೆ" ಅಂದೆ.

ಅವರ ಕಣ್ಣು ಮುಚ್ಚಿಕೊಳ್ಳತೊಡಗಿತು. ನನಗಿನ್ನು ತಡೆಯಲಾಗಲಿಲ್ಲ. ಕೈಗೆ ಸಿಕ್ಕ ಒಂದು ಕಲ್ಲನ್ನು ಸೆರಗಿನಲ್ಲಿ ಒರೆಸಿ, "ಸಿಕ್ತು ಅತ್ತೆ!" ಅಂತ ಕಿರುಚಿ ಅವರ ಎಡಗೈಯಲ್ಲಿಟ್ಟೆ. ದೇವರು ಶಿಕ್ಷೆ ಕೊಟ್ಟರೆ ನನಗೇ ಕೊಡಲಿ, ಇವರು ಬದುಕಿದರೆ ಸಾಕು.

ಅವರು ಬೆರಳು ಮಡಚಿದರು. ಅರವತ್ತು ವರ್ಷ ದಿನಾ ಬೆಳಗ್ಗೆ ಅದೇ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡಿದ ಕೈ. "ಇದಲ್ಲ," ಅಂದರು. ಬೈಯಲಿಲ್ಲ. "ನನ್ನ ಅಲ್ಲಿ ಕೂರ್ಸು."

ಪಾತಿಯ ಅಂಚಿಗೆ ಕೂರಿಸಿದೆವು. ಹಿಂದಿನಿಂದ ನಾನು ಅಪ್ಪಿ ಹಿಡಿದಿದ್ದೆ. ಅವರ ಬೆವರಿಗೆ ನನ್ನ ರವಿಕೆ ಒದ್ದೆಯಾಯಿತು. ಆ ಹೆಂಗಸು ಕಲ್ಲು ಎತ್ತಿ ಎತ್ತಿ ಎಡಗೈಗೆ ಇಡುತ್ತಾ ಹೋದಳು. ಇದಲ್ಲ. ಇದಲ್ಲ. ದನಿ ಸಣ್ಣದಾಗುತ್ತಾ ಬಂತು, ಆಮೇಲೆ ತಲೆಯಷ್ಟೇ ಅಲ್ಲಾಡುತ್ತಿತ್ತು. ಎಷ್ಟು ಹೊತ್ತೋ, ನನಗೆ ಲೆಕ್ಕವಿಲ್ಲ. ತಂಗಡಿ ಬುಡದಿಂದ ತೆಗೆದ ಒಂದಕ್ಕೆ ಬೆರಳುಗಳು ಮುಚ್ಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಕೈಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಬಾಯಿ ತೆರೆದರು, ನಾನು ಚೀಲದಲ್ಲಿದ್ದ ಬಾಟಲಿಯ ಸಕ್ಕರೆ ನೀರು ಹುಯ್ದೆ. ಅರ್ಧ ಅವರ ಬಾಯಿಗೆ, ಅರ್ಧ ಸೀರೆಗೆ. ನಾನು ಗೊಳೋ ಅಂತ ಅತ್ತುಬಿಟ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಧುಗಿರಿವರೆಗೂ ಅವರು ಕಣ್ಣು ಮುಚ್ಚಿ ಒರಗಿದ್ದರು. ಲಿಂಗ ಮುಷ್ಟಿಯಲ್ಲೇ ಇತ್ತು. ಸಿರಾ ರಸ್ತೆಗೆ ತಿರುಗಿದ ಮೇಲೆ, ಕಿಟಕಿ ನೋಡುತ್ತಲೇ ಅಂದರು:

"ಕಲ್ಲು ಕೊಟ್ಟಿದ್ದು ನನ್ನ ಉಳ್ಸಕ್ಕೆ, ಅದ ಬುಡು. ಆ ಸಂಕಟ್ದಾಗೆ ನಾ ಮರ್ತು ಕೇಳ್ಬುಟ್ಟೆ, ನೀನು ನಿಂದೂ ಐತೆ ಅಂದ್ಯಲ್ಲ, ಅದ್ಯಾಕೆ?"

ನನ್ನ ಕೈ ಮತ್ತೆ ಸೆರಗಿನ ಮೇಲಿಂದ ತಾಳಿಗೆ ಹೋಯಿತು.

"ನಿಂದು ಬೀರುನಾಗೆ ಬಳೆ ಡಬ್ಬೀಲಿ ಐತೆ. ನೀನು ಸ್ಕೂಲಿಗೆ ಹೋದ್ಮೇಲೆ ದಿನಾ ನಾನೇ ತೆಗ್ದು ನೀರು ಹಾಕಿ ಇಭೂತಿ ಹಚ್ತೀನಿ. ಇವತ್ತು ನೀನು ಅವಸರ ಮಾಡ್ಬುಟ್ಟೆ. ಪಾಪ, ಉಪಾಸ ಕೂತೈತೆ. ಬಸ್ಸಿಳಿದ ತಕ್ಷಣ ಬಿರ್ರನೆ ನಡಿ."