ಮಾಫಿ ಕೇಳಲು ಹೊರಟ ಮಹಬೂಬ್ ಸರ್

ಯಾರ ಮನೆಗೆ ಹೋದರೂ "ಮಾಫ್ ಮಾಡೀನಿ" ಎಂಬ ಮಾತು ಕೇಳುವ ತನಕ ಮಹಬೂಬ್ ಸರ್ ಹೊಸ್ತಿಲು ದಾಟುತ್ತಿರಲಿಲ್ಲ, ನೀರೂ ಮುಟ್ಟುತ್ತಿರಲಿಲ್ಲ. ಬೈಕು ಓಡಿಸಿ ದಣಿದ ನನಗೂ ನೀರಿಲ್ಲ.

ಭಾಲ್ಕಿ, ಔರಾದ ಕಡೆಯ ಶಾಲೆಗಳಲ್ಲಿ ಗಣಿತ ಕಲಿಸಿದವರು. ಔರಾದದಲ್ಲಿ ನನಗೂ ಕಲಿಸಿದ್ದರು. ಆಗ ಕೈಯಲ್ಲಿ ಸದಾ ಬೇವಿನ ಛಡಿ. ನಿವೃತ್ತರಾಗಿ ಬೀದರಿನ ಮೈಲೂರಿಗೆ, ನನ್ನ ಪಕ್ಕದ ಮನೆಗೇ ಬಂದರು. ಬಂದವರಿಗೆ, ಹೊಡೆದ ಮಕ್ಕಳನ್ನೆಲ್ಲ ಹುಡುಕಿ ಕ್ಷಮೆ ಕೇಳುವ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ನನ್ನ ಬಾಗಿಲು ಬಡಿಯುವರು. "ಶಿವರಾಜ, ಗಾಡಿ ತೆಗಿ."

"ದೇವರು ಮಾಫ್ ಮಾಡ್ತಾನ, ಬಿಡ್ರಿ ಸರ್."

"ನಮಾಜ್ ತಪ್ಪಿದ್ರ ಅಲ್ಲಾ ಮಾಫ್ ಮಾಡಬಹುದು. ನಾ ಹೊಡದ ಹುಡುಗನ ಪರವಾಗಿ ಆತ ಹ್ಯಾಂಗ ಮಾಡ್ತಾನಪಾ? ಆ ಹುಡುಗನೇ ಮಾಡಬೇಕು. ಇಲ್ಲಾಂದ್ರ ಖಯಾಮತ್ ದಿನ ಲೆಕ್ಕ ಕೇಳುವಾಗ ನನ್ನ ನೇಕಿ, ಪುಣ್ಯ ಎಲ್ಲಾ ಅವನ ಪಾಲಿಗೆ ಹೋಗ್ತದ."

"ಮತ್ತ ಅಷ್ಟು ಯಾಕ ಹೊಡದ್ರಿ?"

"ಒಳ್ಳೆ ನಡತಿ ಕಲಸಬೇಕಂತ," ಎಂದು ಮುಖ ಸಣ್ಣದು ಮಾಡಿದರು.

ಹಲಬರ್ಗಾದಲ್ಲಿ ಕುರಿ ಮೇಯಿಸುತ್ತಿದ್ದ ಕಾಶಿನಾಥ, "ನನಗ ನೆನಪೇ ಇಲ್ರಿ ಸರ್," ಎಂದ.

"ನನಗದ. ಮಾಫ್ ಮಾಡು."

"ನೆನಪಿಲ್ಲದ್ದು ಹ್ಯಾಂಗ ಮಾಡ್ಲಿರಿ?"

ವಾದ ಒಂದು ತಾಸು ನಡೆಯಿತು. ಅಷ್ಟರಲ್ಲಿ ಕುರಿಗಳು ಪಕ್ಕದವರ ತೊಗರಿಗೆ ನುಗ್ಗಿದವು. ಅಟ್ಟಿದ್ದು ನಾನು.

ಔರಾದದ ಸುಶೀಲಾಬಾಯಿ ಮಾತ್ರ ಮರೆತಿರಲಿಲ್ಲ. "ಮಾಡಂಗಿಲ್ರಿ. ನೀರು ತರಾಕ ಹೋಗಿ ತಡಾ ಆಗಿತ್ತು. ಯಾಕಂತ ಕೇಳ್ಲಿಲ್ಲ, ಬಡದ್ರಿ. ಸಾಲಿನೇ ಬಿಟ್ಟೆ."

ಸರ್ ತಲೆ ತಗ್ಗಿಸಿ ನಿಂತರು. ನಾಲ್ಕು ಭಾನುವಾರ ಹಾಗೇ ನಿಂತರು. ನಾಲ್ಕನೆಯ ಸಲ ಆಕೆಯೇ ಸೋತಳು. "ಬಿಸಲಾಗ ನಿಂತು ಸಾಯಬ್ಯಾಡ್ರಿ. ಮಾಫ್ ಮಾಡೀನಿ, ಒಳಗ ಬರ್ರಿ."

ಅಂದು ಮರಳುವಾಗ ಹಿಂದಿನ ಸೀಟಿನಿಂದ ಕೇಳಿದರು: "ಶಿವರಾಜ, ನಿನಗ ಹೊಡದೀನೇನೋ?"

ಹೊಡೆದಿದ್ದರು. ಯಾರೋ ಒಡೆದ ನೀರಿನ ಕೊಡಕ್ಕೆ ನನ್ನ ಅಂಗೈ ಬಾತುಹೋಗಿತ್ತು. ಆದರೆ ಹೌದೆಂದರೆ, ಥಟ್ಟನೆ ಮಾಫ್ ಮಾಡಿದರೂ ನಂಬದೆ, ನಾಳೆಯಿಂದ ನನ್ನ ಹೊಸ್ತಿಲಲ್ಲೂ ನಿಲ್ಲುವರು. ನನಗೆ ಸಾಕಾಗಿತ್ತು.

"ಇಲ್ರಿ ಸರ್."

"ನೀ ಒಬ್ಬನರ ಉಳದಿ," ಎಂದು ಬೆನ್ನು ತಟ್ಟಿದರು.

ಹೋದ ತಿಂಗಳು ಅವರು ತೀರಿಕೊಂಡರು. ಶವವಿಟ್ಟ ಜನಾಜದ ಮುಂದೆ ನಿಂತು ಮಗ, "ನಮ್ಮ ಅಬ್ಬಾರಿಂದ ಯಾರಿಗರ ನೋವಾಗಿದ್ರ ಮಾಫ್ ಮಾಡ್ರಿ," ಎಂದ. ಹಿಂದೆ ನಿಂತಿದ್ದ ನಾನು "ಮಾಫ್ ಮಾಡೀನಿ" ಎಂದೆ. ಜೋರಾಗಿಯೇ ಎಂದೆ. ಜನ ತಿರುಗಿ ನೋಡಿದರು.

ಅವರ ಲೆಕ್ಕ ಮುಗಿಯಿತು, ನನ್ನದು ಉಳಿಯಿತು. ಅವರಿಗೆ ನಾನು ಹೇಳಿದ ಸುಳ್ಳನ್ನು ಅವರೇ ಮಾಫ್ ಮಾಡಬೇಕು, ಬೇರೆ ಯಾರೂ ಮಾಡಲಾರರು. ಅದನ್ನು ಕಲಿಸಿದವರೂ ಅವರೇ.

ಈಗಲೂ ಭಾನುವಾರ ಗಾಡಿ ಹೊರಗೆ ತೆಗೆದು ನಿಲ್ಲುತ್ತೇನೆ. ಯಾವ ಊರಿಗೆ ಬಿಡಲಿ, ಸರ್?