ಅಳೆಯದ ಮೂಲೆಯ ಲೆಕ್ಕ

ಬೆಳಗಿನ ಐದೂಮುಕ್ಕಾಲು. ಲಸಿಕೆ ಉಗ್ರಾಣದ ಶೀತಲ ಕೋಣೆಯ ಬಾಗಿಲು ಒಬ್ಬರು ನುಸುಳುವಷ್ಟೇ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದವರನ್ನು ಇಲ್ಲಿ ಎಲ್ಲರೂ ಲೆಕ್ಕದಕ್ಕ ಎನ್ನುತ್ತಾರೆ. ಮೈಮೇಲೆ ಗಂಡನ ಹಳೆಯ ಸ್ವೆಟರು, ತಲೆಗೆ ಮಫ್ಲರು, ಕೈಯಲ್ಲಿ ಪೆನ್ಸಿಲ್ಲು. ಪೆನ್ನು ಈ ಚಳಿಗೆ ಮುಷ್ಕರ ಹೂಡುತ್ತದಂತೆ. ತೂಗುಬಿಟ್ಟ ಎಂಟು ಥರ್ಮಾಮೀಟರುಗಳನ್ನು ಒಂದೊಂದಾಗಿ ಓದಿ ಬರೆದುಕೊಳ್ಳುತ್ತಾರೆ. ಆಳುಗಳು ಬಂದು ಬಾಗಿಲು ತೆಗೆಯುವುದು ಏಳಕ್ಕೆ, ಆಮೇಲೆ ಒಳಗಿನ ತಂಪು ಕದಡಿಹೋಗುತ್ತದೆ.

ಲಸಿಕೆ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು. ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳ ಸತ್ವವೇ ಹೋಗುತ್ತದೆ. ಹಾಗೆಂದು ಲಕ್ಷ ಡೋಸು ಹಿಡಿಯುವ ಕೋಣೆಯ ಇಂಚಿಂಚಿಗೂ ಥರ್ಮಾಮೀಟರು ಕಟ್ಟಲಾದೀತೇ? ಅಳೆದ ಜಾಗಗಳನ್ನು ಹಿಡಿದು ಅಳೆಯದ ಜಾಗದ ತಂಪನ್ನು ಲೆಕ್ಕ ಹಾಕಿ ಹೇಳುವುದೇ ಅಕ್ಕನ ಕಸುಬು. ಉದ್ದ, ಅಗಲ, ಎತ್ತರ ಮೂರೂ ಸೇರಿದ, ಎರಡನೇ ಘಾತದ ಒಂದು ಬಹುಪದೋಕ್ತಿ, ಅದರಲ್ಲಿ ಗೊತ್ತಿಲ್ಲದ ಹತ್ತು ಸಂಖ್ಯೆಗಳು. ಅವನ್ನು ಹಿಡಿಯಲು ಹತ್ತು ಅಳತೆ ಬೇಕು. ಮೇಲಿನವರು ಕೊಟ್ಟಿದ್ದು ಎಂಟೇ ಥರ್ಮಾಮೀಟರು.

"ಇನ್ನೆರಡು ಕೊಡಿ ಅಂತ ಬರ್ದೂ ಬರ್ದೂ ಸಾಕಾಯ್ತು. ಆಮೇಲೆ ಕೋಣೆನೇ ಸರಿಯಾಗಿ ನೋಡ್ದೆ," ಎನ್ನುತ್ತಾರೆ ಅಕ್ಕ. "ಬಾಗಿಲು ನಟ್ಟನಡುವೆ. ಎದುರು ಗೋಡೇಲಿ ಎರಡು ಫ್ಯಾನು, ನಡುವಿನಿಂದ ಒಂದೇ ದೂರ. ಎಡಕ್ಕೇನಿದ್ಯೋ ಬಲಕ್ಕೂ ಅದೇ. ಹಾಗಿದ್ಮೇಲೆ ಎಡ ಬೇರೆ, ಬಲ ಬೇರೆ ಅನ್ನೋ ಮೂರು ಸಂಖ್ಯೆ ಸೊನ್ನೆ ಆಗ್ಲೇಬೇಕಲ್ವಾ? ಉಳಿದಿದ್ದು ಏಳು. ಏಳು ಥರ್ಮಾಮೀಟರು ಸಾಕು."

ಎಂಟನೆಯದು? "ಅದು ಚಾಡಿ ಹೇಳೋಕೆ," ಎಂದು ನಗುತ್ತಾರೆ. ಎಡಗಡೆಯ ಒಂದು ಥರ್ಮಾಮೀಟರಿಗೆ ಸರಿಸಮನಾಗಿ ಬಲಗಡೆ ಅದನ್ನು ಕಟ್ಟಿದ್ದಾರೆ. ಎರಡೂ ಒಂದೇ ಹೇಳಿದರೆ ಲೆಕ್ಕ ಸಾಚಾ. ಅಕ್ಕನ ಬಗ್ಗೆ ಬರೆಯಲೆಂದು ಬಂದ, ಗಣಿತದಲ್ಲಿ ಮೂವತ್ತೈದು ಗಿಟ್ಟಿಸಿ ಪಾರಾದ ನನಗೂ ಇಷ್ಟು ತಲೆಗೆ ಹೋಯಿತು.

ಅಕ್ಕನಿಗೆ ಈಗ ಐವತ್ತೊಂದು. ಅಪ್ಪ ಹಾಸಿಗೆ ಹಿಡಿದಾಗ ಗಣಿತದ ಪದವಿ ಎರಡನೇ ವರ್ಷಕ್ಕೆ ನಿಂತಿತು. ಇಲ್ಲಿ ಸೇರಿದ್ದು ಪೆಟ್ಟಿಗೆ ಕಟ್ಟುವ ಕೆಲಸಕ್ಕೆ. ಇಪ್ಪತ್ತೆರಡು ವರ್ಷಗಳಾದರೂ ಹಾಜರಿ ಪುಸ್ತಕದಲ್ಲಿ ಇನ್ನೂ 'ಸಹಾಯಕಿ'. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಉಗ್ರಾಣಕ್ಕೂ ಸಲ್ಲುತ್ತದೆ. ಚಳಿಗೆ ಬೆರಳ ಗೆಣ್ಣುಗಳು ಊದಿಕೊಂಡು ಬಳೆ ತೊಡುವುದನ್ನೇ ಬಿಟ್ಟಿದ್ದಾರೆ. ಕನ್ನಡಕದಂಗಡಿಯಲ್ಲಿ ದುಡಿಯುವ ಯಜಮಾನರಿಗೆ ಮಾತ್ರ ತಮಾಷೆ: "ನಮ್ಮನೇಲಿ ಇವ್ಳು ಪಾಸು ಮಾಡಿದ್ಮೇಲೇನೇ ಹಾಲು ಫ್ರಿಜ್ಜಿನೊಳಗೆ ಹೋಗೋದು."

ಇಂದು ಬೆಳಿಗ್ಗೆ ಎಂಟನೆಯದು ಚಾಡಿ ಹೇಳುತ್ತದೆ. ಎಡಕ್ಕೆ 3.4 ಡಿಗ್ರಿ, ಬಲಕ್ಕೆ 1.1. ಹೊರಗೆ ಲಾರಿ ನಿಂತಿದೆ, ನಲವತ್ತು ಕೇಂದ್ರಗಳಲ್ಲಿ ಇವತ್ತೇ ಮಕ್ಕಳಿಗೆ ಲಸಿಕೆ.

"ಥರ್ಮಾಮೀಟರು ಕೆಟ್ಟಿರ್ಬೇಕು, ಕಳಿಸ್ರೀ ಅಕ್ಕ," ಎನ್ನುತ್ತಾರೆ ಉಗ್ರಾಣದ ಅಧಿಕಾರಿ.

ಅಕ್ಕ ಎರಡನ್ನೂ ಅದಲುಬದಲು ಮಾಡಿ ಕಾಯುತ್ತಾರೆ. ತಂಪು ಬಲಗಡೆಯೇ. ಟಾರ್ಚು ಬಿಟ್ಟು ನೋಡಿದರೆ, ನಿನ್ನೆ ಸಂಜೆ ಬಂದ ಪೆಟ್ಟಿಗೆಗಳನ್ನು ಯಾರೋ ಬಲಗಡೆಯೇ ಫ್ಯಾನಿನ ಎತ್ತರಕ್ಕೆ ಪೇರಿಸಿದ್ದಾರೆ. ಫ್ಯಾನಿನ ಗಾಳಿ ಅವಕ್ಕೆ ಬಡಿದು ಹಿಂದಿನ ಮೂಲೆಗೆ ಇಳಿಯುತ್ತಿದೆ. ಆ ಮೂಲೆಗೆ ಕೈ ಹೋಗುವುದಿಲ್ಲ, ಪೆಟ್ಟಿಗೆ ಸರಿಸಿದರೆ ಗಾಳಿಯ ದಾರಿಯೇ ಬದಲಾಗುತ್ತದೆ.

"ಎಡ-ಬಲ ಒಂದೇ ಅನ್ನೋದು ಇವತ್ತು ಕೆಟ್ಟೋಗಿದೆ ಸಾರ್. ಏಳರ ಲೆಕ್ಕ ನಡೆಯಲ್ಲ, ಹತ್ತು ಅಳತೆ ಬೇಕು. ಎಂಟು ಬರ್ಕೊಂಡಾಗಿದೆ, ಎರಡು ಥರ್ಮಾಮೀಟರು ಬಲಕ್ಕೆ ಸರಿಸಿ ಇನ್ನೆರಡು ತಗೋತೀನಿ, ಒಂದೂವರೆ ಗಂಟೆ ಕೊಡಿ."

"ಅಲ್ಲಿ ತಾಯಂದಿರು ಕಾಯ್ತಿರ್ತಾರೆ. ನಿಮ್ಮ ಲೆಕ್ಕ ಸುಳ್ಳಾದ್ರೆ ಯಾರ್ರೀ ಜವಾಬ್ದಾರಿ?"

"ನಾನೇ. ಬರ್ದು ಸಹಿ ಹಾಕಿ ಕೊಡ್ಲಾ?"

ಕೊಟ್ಟೇಬಿಡುತ್ತಾರೆ. ಕೆಲಸವೇ ಹೋಗಬಹುದಾದ ಕಾಗದಕ್ಕೆ ಆ ಊದಿದ ಬೆರಳುಗಳು ಸಹಿ ಹಾಕಿದ್ದನ್ನು ಕಂಡು ನನಗೆ ಎದೆಯುಬ್ಬಿತು, ಮುಚ್ಚುಮರೆಯೇಕೆ. ಹತ್ತು ಅಳತೆಗಳು ಕೂಡಿದ ಮೇಲೆ ಎರಡು ಪುಟ ತುಂಬ ಲೆಕ್ಕ. ಉತ್ತರಕ್ಕೆ ಅಕ್ಕ ಗೆರೆ ಎಳೆಯುತ್ತಾರೆ: ಆ ಮೂಲೆಯಲ್ಲಿ ಸೊನ್ನೆಗಿಂತ 1.2 ಡಿಗ್ರಿ ಕೆಳಗೆ.

ಪೆಟ್ಟಿಗೆ ಇಳಿಸಿ, ಮೂಲೆಯದೊಂದು ಸೀಸೆ, ನಡುವಿನದೊಂದು ಸೀಸೆ ತಂದು ಕುಲುಕಿ ಮೇಜಿನ ಮೇಲಿಡುತ್ತಾರೆ. ಹೆಪ್ಪುಗಟ್ಟಿ ಕರಗಿದ ಲಸಿಕೆ ಒಡೆದು ತಳಕ್ಕಿಳಿಯುತ್ತದೆ. ಹದಿನೈದು ನಿಮಿಷ ಯಾರೂ ಕೂರುವುದಿಲ್ಲ. ನಡುವಿನ ಸೀಸೆ ಹಾಗೇ ಬೆಳ್ಳಗಿದೆ. ಮೂಲೆಯದರಲ್ಲಿ ಬಿಳಿ ಚೂರುಗಳು ಇಳಿದು ಮೇಲೆ ಬರೀ ತಿಳಿನೀರು ನಿಂತಿದೆ.

ಅಕ್ಕನ ಲೆಕ್ಕ ಅಪಾಯವೆಂದ ಮೂವತ್ತಾರು ಪೆಟ್ಟಿಗೆಗಳು ಹೊರಗುಳಿದು, ಮಿಕ್ಕವು ಹತ್ತು ಗಂಟೆಗೆ ಲಾರಿ ಹತ್ತುತ್ತವೆ. ಅಕ್ಕ ಸಹಿ ಹಾಕಿದ ಕಾಗದವನ್ನು ಅಧಿಕಾರಿ ಹರಿದು ಜೇಬಿಗೆ ತುರುಕಿಕೊಂಡು, ಇನ್ನೆರಡು ಥರ್ಮಾಮೀಟರಿಗೆ ಮೇಲಿನವರಿಗೆ ತಾವೇ ಬರೆಯುವುದಾಗಿ ಹೇಳಿ ಹೋಗುತ್ತಾರೆ.

ಮಫ್ಲರು ಬಿಚ್ಚುತ್ತಿದ್ದ ಅಕ್ಕನನ್ನು ಕೇಳುತ್ತೇನೆ: ಆ ಪೆಟ್ಟಿಗೆಗಳು ಹೋಗಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತೇ?

"ಯಾರಿಗೂ ಇಲ್ಲ. ಮಗು ಅಳ್ತಿತ್ತು, ಅವ್ರಮ್ಮ ಸಮಾಧಾನ ಮಾಡ್ಕೊಂಡು ಮನೆಗೆ ಹೋಗ್ತಿದ್ಲು, ಅಷ್ಟೇ," ಎನ್ನುತ್ತಾರೆ. ಮಫ್ಲರು ಮಡಚಿಡುತ್ತಾ, "ಚುಚ್ಚಿದ್ರೆ ಮಕ್ಕಳು ಅಳ್ತವೆ, ಅದಕ್ಕೇನೂ ಮಾಡೋಕಾಗಲ್ಲ. ಆದ್ರೆ ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೋಣೆ ಲಸಿಕೆಗೆ ಒಂದು ಮಗುನೂ ಸುಮ್ಸುಮ್ನೆ ಅತ್ತಿಲ್ಲ."